ಸ್ಕೂಲ್ ಎನ್‌ಕ್ವೈರಿಗೆ ಕನ್ನಡ ಟೈಪಿಸ್ಟ್ ಬೇಕಾ? ತುಮಕೂರು ಕೋರ್ಟ್ ಹತ್ತಿರದ ಒಂದು ಅಂಗಡಿ

ಖಾಸಗಿ ಶಾಲೆಯವರು ನೌಕರರ ಮೇಲೆ ಎನ್‌ಕ್ವೈರಿ ಇಟ್ಟರೆ ವಕೀಲರು ಸಿಗುತ್ತಾರೆ, ವಿಚಾರಣೆ ನಡೆಸಲು ನಿವೃತ್ತ ಜಡ್ಜ್ ಸಿಗುತ್ತಾರೆ. ಸಿಗದೇ ಇರುವವರು ಒಳ್ಳೆ ಕನ್ನಡ ಟೈಪಿಸ್ಟ್. ಸಾಕ್ಷಿ ಹೇಳಿದ್ದನ್ನು ಹೇಳಿದ ಹಾಗೇ, ಅದೇ ವೇಗದಲ್ಲಿ ಹೊಡೆಯುವವರು ಬೇಕು ಅಂದರೆ ಊರೆಲ್ಲ ಹುಡುಕಬೇಕು. ತುಮಕೂರು ಕೋರ್ಟ್ ಹತ್ತಿರ ಅಂಥ ಒಂದು ಅಂಗಡಿ ಇದೆ. ಕೆಲವು ವರ್ಷಗಳಿಂದ ನಾನು ಅವರನ್ನೇ ಕರೆಸುತ್ತಿದ್ದೇನೆ. ಕೆಲಸ ಚೆನ್ನಾಗಿದೆ, ಒಂದು ವಿಷಯ ಬಿಟ್ಟು. ಆ ಒಂದು ವಿಷಯ ಸಣ್ಣದೇನಲ್ಲ.

ಅಂಗಡಿ ಹೆಸರು ಹಾಕುತ್ತಿಲ್ಲ. ಹಾಕಿದರೆ ಯಾವ ಸಂಸ್ಥೆ, ಯಾರ ಕೇಸು ಅಂತ ಸಂಜೆಯೊಳಗೆ ಲೆಕ್ಕ ಹಾಕಿಬಿಡುತ್ತಾರೆ, ನಮ್ಮೂರು ಅಷ್ಟು ಸಣ್ಣದು. ಕೋರ್ಟ್ ಕಡೆ ಓಡಾಡುವ ಯಾವ ವಕೀಲರ ಗುಮಾಸ್ತರನ್ನಾದರೂ ಕೇಳಿ. ಎರಡು ಮಾನಿಟರ್ ಇಟ್ಟುಕೊಂಡಿರುವ ಟೈಪಿಂಗ್ ಅಣ್ಣ ಅಂದರೆ ಸಾಕು. ಝೆರಾಕ್ಸ್ ಮೆಷಿನ್ ದಾಟಿ ಒಳಗೆ, ಗೋಡೆ ಕಡೆ ಮುಖ ಮಾಡಿ ಕೂತಿರುತ್ತಾರೆ. ಟೈಪ್‌ರೈಟರ್ ಕಾಲದಲ್ಲೇ ಕನ್ನಡ ಸೀನಿಯರ್ ಪಾಸ್ ಮಾಡಿದವರು. ಬೆರಳು ಬೀಳುವ ಸದ್ದಿನಲ್ಲೇ ಅದು ಗೊತ್ತಾಗುತ್ತದೆ.

ನಾನಿರುವುದು ಒಂದು ವಿದ್ಯಾಸಂಸ್ಥೆಯ ಆಡಳಿತ ಕಚೇರಿಯಲ್ಲಿ. ಊರಿನ ಶಾಲೆಗಳ ಜೊತೆ ಗುಬ್ಬಿ ಕಡೆ, ಮಧುಗಿರಿ ಕಡೆ ಕೂಡ ನಮ್ಮ ಶಾಲೆಗಳಿವೆ. ರಜೆ ತಕರಾರು, ಇನ್‌ಕ್ರಿಮೆಂಟ್ ಜಗಳ, ಮೆಮೊ, ಅಮಾನತು, ಎನ್‌ಕ್ವೈರಿ ಎಲ್ಲಾ ಕೊನೆಗೆ ನನ್ನ ಟೇಬಲ್‌ಗೇ ಬರುತ್ತವೆ. ನಾನು ಸ್ಟಾಫ್ ರೂಮಿಗೆ ಕಾಲಿಟ್ಟರೆ ಮಾತು ನಿಲ್ಲುತ್ತದೆ. ಅಭ್ಯಾಸ ಆಗಿದೆ.

ಒಬ್ಬ ಟೈಪಿಸ್ಟ್‌ಗೆ ಇಷ್ಟೊಂದು ಮಹತ್ವ ಯಾಕೆ ಅಂತ ನಮ್ಮ ಕಾರ್ಯದರ್ಶಿಗಳೂ ಕೇಳಿದ್ದರು. ನಮ್ಮದು ಸ್ಟೇಟ್ ಸಿಲೆಬಸ್, ಹಾಗಾಗಿ ರಾಜ್ಯದ ಕಾಯ್ದೆ ಅನ್ವಯಿಸುತ್ತದೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ 92ನೇ ಕಲಂ ಪ್ರಕಾರ ವಿಚಾರಣೆ ಇಲ್ಲದೆ ಯಾರನ್ನೂ ವಜಾ ಮಾಡುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆರೋಪ ಏನು ಅಂತ ತಿಳಿಸಬೇಕು, ಅವರ ಮಾತು ಕೇಳಬೇಕು. ಆದೇಶ ಕೈಗೆ ಸಿಕ್ಕ ಮೂರು ತಿಂಗಳೊಳಗೆ ಅವರು 94ನೇ ಕಲಂ ಹಿಡಿದು ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಹೆಸರು ಕೇಳಿ ಬೆಂಗಳೂರಿನಲ್ಲಿರಬೇಕು ಅಂದುಕೊಳ್ಳಬೇಡಿ, ಅಲ್ಲಿ ಕೂರುವವರು ಜಿಲ್ಲಾ ನ್ಯಾಯಾಧೀಶರೇ. ಟೀಚರ್‌ಗಳಿಗೆ ಲೇಬರ್ ಕೋರ್ಟ್ ದಾರಿ ಇಲ್ಲ. ಅವರು ಆಗಿದ್ದ ಕೈಗಾರಿಕಾ ವಿವಾದ ಕಾಯ್ದೆ ಹೇಳುತ್ತಿದ್ದ ವರ್ಕ್‌ಮನ್, ಅಂದರೆ ಕಾರ್ಮಿಕ, ಅಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಸುಂದರಾಂಬಾಳ್ ಕೇಸಿನಲ್ಲಿ ಹೇಳಿದೆ. ಡ್ರೈವರ್, ಆಯಾಗಳ ಕಥೆ ಬೇರೆ. ಯಾರು ಎಲ್ಲಿಗೆ ಹೋದರೂ ಅಲ್ಲಿ ಮೊದಲು ಬಿಚ್ಚುವುದು ನಮ್ಮ ಎನ್‌ಕ್ವೈರಿ ಫೈಲ್. ಸಾಕ್ಷಿ ಹೇಳಿಕೆ ಅರ್ಧಂಬರ್ಧ ಇದ್ದರೆ, ಆಮೇಲೆ ನಾವು ಬಾಯಲ್ಲಿ ಏನು ಹೇಳಿದರೂ ನಡೆಯುವುದಿಲ್ಲ.

ಮೊದಲೆಲ್ಲ ನಮ್ಮ ಕಂಪ್ಯೂಟರ್ ಟೀಚರ್ ಕೈಲೇ ಟೈಪ್ ಮಾಡಿಸುತ್ತಿದ್ದರು. ಆಪಾದಿತರ ಜೊತೆ ದಿನಾ ಡಬ್ಬಿ ಹಂಚಿಕೊಂಡು ಊಟ ಮಾಡುವವರು ಅವರು. ಅವರನ್ನು ಅಲ್ಲಿ ಕೂರಿಸುವುದು ಅವರಿಗೂ ಹಿಂಸೆ, ಎದುರಿಗೆ ಕೂತವರಿಗೂ ಹಿಂಸೆ. ಹೊರಗಿನವರು ಬೇಕು ಅಂತ ಹಟ ಹಿಡಿದಿದ್ದು ಇದಕ್ಕೇ.

ಈ ಅಣ್ಣನ ಹೆಚ್ಚುಗಾರಿಕೆ ಆ ಎರಡನೇ ಮಾನಿಟರ್. ಆಟೋದಲ್ಲಿ ಹಳೇ ಬೆಡ್‌ಶೀಟ್ ಸುತ್ತಿಕೊಂಡು ತರುತ್ತಾರೆ. ಒಂದು ತಮಗೆ, ಇನ್ನೊಂದು ಆಪಾದಿತರ ಕಡೆಗೆ ತಿರುಗಿಸಿ ಇಡುತ್ತಾರೆ. ಟೈಪ್ ಆಗುತ್ತಿದ್ದ ಹಾಗೇ ಅವರಿಗೂ ಅಕ್ಷರ ಕಾಣುತ್ತದೆ. ಯಾವ ಕಾನೂನೂ ಹೀಗೆ ಮಾಡಿ ಅಂತ ಹೇಳುವುದಿಲ್ಲ, ಇದು ಅವರದೇ ಪದ್ಧತಿ.

ಇದರ ಬೆಲೆ ಗೊತ್ತಾಗಿದ್ದು ಒಬ್ಬ ಬಸ್ ಡ್ರೈವರ್ ಎನ್‌ಕ್ವೈರಿಯಲ್ಲಿ. ಮಗುವನ್ನು ಅದರ ಸ್ಟಾಪ್‌ನಲ್ಲಿ ಇಳಿಸದೆ ಮುಂದಕ್ಕೆ ಒಯ್ದರು ಅನ್ನುವುದು ಆರೋಪ. ಬಸ್ಸಿನ ಆಯಾ ಆಡಳಿತದ ಕಡೆ ಸಾಕ್ಷಿ. ‘ಕೊನೇ ಬೆಲ್ ಆದ ಮೇಲೆ ಹೊರಟ್ವಿ ಸಾರ್’ ಅಂದರು. ವಿಚಾರಣಾಧಿಕಾರಿಗಳು ತಮ್ಮ ಲೆಕ್ಕದಲ್ಲಿ ‘ಸಂಜೆ ಸುಮಾರು ನಾಲ್ಕು ಗಂಟೆಗೆ ಹೊರಟೆವು’ ಅಂತ ಹೇಳಿ ಬರೆಸಿದರು. ಅಕ್ಷರ ಪರದೆ ಮೇಲೆ ಬಿದ್ದ ತಕ್ಷಣ ಡ್ರೈವರ್ ಕೈ ಎತ್ತಿದರು. ‘ಸಾರ್, ಅವತ್ತು ಶನಿವಾರ. ಬೆಳಗ್ಗೆ ಶಾಲೆ. ಮಧ್ಯಾಹ್ನಕ್ಕೆ ಮುಂಚೆನೇ ಬಿಟ್ಟಿರುತ್ತೆ.’ ವಿಚಾರಣಾಧಿಕಾರಿಗಳು ಕ್ಯಾಲೆಂಡರ್ ತರಿಸಿದರು. ಶನಿವಾರವೇ. ಆಯಾಗೆ ಮತ್ತೆ ಕೇಳಿದಾಗ, ‘ಹೌದು ಸಾರ್, ನಾನೆಲ್ಲಿ ನಾಲ್ಕು ಅಂದೆ?’ ಅಂದರು. ಅಲ್ಲೇ ಸರಿಯಾಯಿತು. ನಾಲ್ಕು ಗಂಟೆ ಅಂತಲೇ ಸಹಿ ಬಿದ್ದಿದ್ದರೆ ಬಸ್ಸಿನ ಟ್ರಿಪ್ ಶೀಟ್ ಒಂದು ಹೇಳುತ್ತಿತ್ತು, ಸಾಕ್ಷಿ ಇನ್ನೊಂದು ಹೇಳುತ್ತಿತ್ತು. ಪಾಪ, ನಿಜ ಹೇಳಿದ ಆಯಾನೇ ಸುಳ್ಳು ಸಾಕ್ಷಿ ಆಗುತ್ತಿದ್ದರು.

ಇನ್ನೊಂದು, ಓದಿ ಹೇಳುವುದು. ಪ್ರತಿ ಹೇಳಿಕೆಯ ಕೊನೆಗೆ ‘ಓದಿ ಹೇಳಲಾಗಿ ಕೇಳಿದೆ, ಸರಿಯಿದೆ’ ಅಂತ ಒಂದು ಸಾಲು ಇರುತ್ತದಲ್ಲ, ಎಷ್ಟೋ ಕಡೆ ಆ ಸಾಲು ಟೈಪ್ ಆಗುತ್ತದೆ, ಓದುವುದು ಮಾತ್ರ ಆಗುವುದಿಲ್ಲ. ಇವರು ಓದದೆ ಪ್ರಿಂಟ್ ಕೊಡುವುದಿಲ್ಲ. ವಕೀಲರು ‘ಆಯ್ತು ಬಿಡಿ, ಸಾಕ್ಷಿ ಸಹಿ ಮಾಡ್ತಾರೆ’ ಅಂದರೂ ಕೇಳುವುದಿಲ್ಲ. ಪಾವಗಡ ಕಡೆಯ ಒಬ್ಬ ವಾಚ್‌ಮನ್‌ಗೆ ಮನೆ ಮಾತು ತೆಲುಗು, ಕನ್ನಡ ಓದಲು ಬರುವುದಿಲ್ಲ. ಇವರು ಸಾಲು ಸಾಲಾಗಿ ತೆಲುಗಿನಲ್ಲಿ ಹೇಳಿದರು. ಹಾಗೆ ಹೇಳಿದ್ದನ್ನೂ, ಅದಕ್ಕೆ ಎರಡೂ ಕಡೆಯವರು ಒಪ್ಪಿದ್ದನ್ನೂ ಅವತ್ತಿನ ನಡವಳಿಯಲ್ಲಿ ಬರೆಸಿದೆವು. ಇಲ್ಲದಿದ್ದರೆ ಟೈಪಿಸ್ಟೇ ದುಭಾಷಿ ಹೇಗಾದ ಅಂತ ನಾಳೆ ಒಂದು ತಕರಾರು ಏಳುತ್ತಿತ್ತು.

ಊಟಕ್ಕೆ ನಮ್ಮ ಜೊತೆ ಕೂರುವುದಿಲ್ಲ. ಮೊದಮೊದಲು ಬಿಗುಮಾನ ಅಂದುಕೊಂಡೆ. ಕೇಳಿದರೆ, ‘ದುಡ್ಡು ನಿಮ್ಮದೇ ಮೇಡಂ, ಊಟಾನೂ ನಿಮ್ಮದೇ ಆದ್ರೆ ಎದುರಿಗೆ ಕೂತೋರು ಏನಂದ್ಕೊತಾರೆ?’ ಅಂದರು. ಗೇಟಿನ ಹೊರಗಿನ ಗಾಡಿಯಲ್ಲಿ ಚಿತ್ರಾನ್ನ ತಿಂದು ಬರುತ್ತಾರೆ.

ಈಗ ಆ ಒಂದು ವಿಷಯ. ಅಂಗಡಿಯ ಕಂಪ್ಯೂಟರ್‌ನಲ್ಲಿ ಗುಟ್ಟು ಅನ್ನುವುದೇ ಇಲ್ಲ. ಒಂದು ಸಲ ಕರಡು ತಿದ್ದಿಸಲು ಹೋದಾಗ ಡೆಸ್ಕ್‌ಟಾಪ್ ಮೇಲೆ ಬೇರೆ ಸಂಸ್ಥೆಯೊಂದರ ಎನ್‌ಕ್ವೈರಿ ಫೈಲ್‌ಗಳು ಸಾಲಾಗಿ ಕೂತಿದ್ದವು, ನೌಕರರ ಹೆಸರಿನ ಸಮೇತ. ಝೆರಾಕ್ಸ್‌ಗೆ ಬಂದವರಿಗೂ ಕಾಣುತ್ತಿತ್ತು. ಬೇರೆ ಸಂಸ್ಥೆಯದು ನನಗೆ ಕಂಡಿತು ಅಂದರೆ ನಮ್ಮದು ಯಾರಿಗೆಲ್ಲ ಕಂಡಿರಬೇಕು! ಅಲ್ಲೇ ನಿಂತು ನಮ್ಮ ಹಳೇ ಫೈಲ್‌ಗಳನ್ನೆಲ್ಲ ಅಳಿಸಿಸಿದೆ, ರೀಸೈಕಲ್ ಬಿನ್ ಕೂಡ. ಅಣ್ಣ ಬೇಜಾರು ಮಾಡಿಕೊಂಡರು. ನನಗೂ ಸಿಟ್ಟು ಬಂದಿತ್ತು.

ಆಮೇಲಿಂದ ಒಂದೇ ಕರಾರು. ಟೈಪ್ ಮಾಡುವುದು ನಮ್ಮ ಲ್ಯಾಪ್‌ಟಾಪ್‌ನಲ್ಲಿ, ಪ್ರಿಂಟ್ ನಮ್ಮ ಪ್ರಿಂಟರ್‌ನಲ್ಲಿ. ಲ್ಯಾಪ್‌ಟಾಪ್ ಕೀಲಿ ಬೆರಳಿಗೆ ಹತ್ತುವುದೇ ಇಲ್ಲ ಅಂತ ಗೊಣಗಿಕೊಂಡು ತಮ್ಮ ದಪ್ಪ ಕೀಬೋರ್ಡನ್ನೇ ತಂದು ಸಿಕ್ಕಿಸುತ್ತಾರೆ. ಇದರಿಂದ ಇನ್ನೊಂದು ಲಾಭವೂ ಆಯಿತು. ಅವರು ಬಳಸುತ್ತಿದ್ದುದು ಯೂನಿಕೋಡ್ ಅಲ್ಲದ ಹಳೇ ಫಾಂಟ್. ಬೆಂಗಳೂರಿನ ವಕೀಲರಿಗೆ ಮೇಲ್ ಮಾಡಿದರೆ ಕನ್ನಡದ ಬದಲು ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುತ್ತಿತ್ತು. ಈಗ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಯೂನಿಕೋಡ್‌ನಲ್ಲೇ ಹೊಡೆಯುತ್ತಾರೆ, ವೇಗ ಸ್ವಲ್ಪ ಕಮ್ಮಿ.

ಲೈಂಗಿಕ ಕಿರುಕುಳದ ದೂರಿಗೆ ಮಾತ್ರ ಇವರನ್ನು ಕರೆಸಬೇಡಿ. ಇವರನ್ನಂತಲ್ಲ, ಹೊರಗಿನ ಯಾವ ಟೈಪಿಸ್ಟನ್ನೂ ಬೇಡ. ಹತ್ತು ಅಥವಾ ಜಾಸ್ತಿ ಜನ ಕೆಲಸ ಮಾಡುವ ಕಡೆ ಆಂತರಿಕ ಸಮಿತಿ ಇರಲೇಬೇಕು, ಅದರ ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ 16ನೇ ಕಲಂ ದೂರು ಕೊಟ್ಟವರ, ಸಾಕ್ಷಿಗಳ ಗುರುತು ಹೊರಗೆ ಬಿಡಬಾರದು ಅನ್ನುತ್ತದೆ. ನಮ್ಮಲ್ಲಿ ಸಮಿತಿಯ ಒಬ್ಬ ಸದಸ್ಯೆಯೇ ಕೂತು ಬರೆದುಕೊಳ್ಳುತ್ತಾರೆ. ನಿಧಾನ ಆಗುತ್ತದೆ, ಆಗಲಿ.

ದರ: ಅಂಗಡಿಯಲ್ಲಾದರೆ ಪುಟಕ್ಕೆ 30 ರೂಪಾಯಿ. ಶಾಲೆಗೆ ಬಂದರೆ ಅರ್ಧ ದಿನಕ್ಕೆ 1,000, ಪೂರ್ತಿ ದಿನಕ್ಕೆ 1,800, ಆಟೋ ಬೇರೆ. ಊರಿಂದಾಚೆ ಬರಬೇಕಾದರೆ ಮೊದಲೇ ಮಾತಾಡಿಕೊಳ್ಳಿ. ಪಾಟಿ ಸವಾಲು ಇರುವ ದಿನ ಪೂರ್ತಿ ದಿನಕ್ಕೇ ಹೇಳಿ, ಆಪಾದಿತರ ಪರ ಬಂದವರು ಸಾಕ್ಷಿಗೆ ಪ್ರಶ್ನೆ ಹಾಕಲು ಶುರು ಮಾಡಿದರೆ ಅರ್ಧ ದಿನ ಯಾವುದಕ್ಕೂ ಸಾಲುವುದಿಲ್ಲ. ಸೋಮವಾರ ಕೋರ್ಟ್ ಕೆಲಸ ಜಾಸ್ತಿ, ಫೋನ್ ಎತ್ತುವುದಿಲ್ಲ. ಬಿಲ್ ತಾವಾಗಿ ಕೊಡುವುದಿಲ್ಲ, ಆಡಿಟರ್‌ಗೆ ಬೇಕು ಅಂತ ಕೇಳಿ ಇಸ್ಕೊಳ್ಳಿ.