ನರ್ಮದಾ ಪರಿಕ್ರಮಕ್ಕೆ ಒಯ್ದ ವಾಯ್ಸ್ ರೆಕಾರ್ಡರ್: ಧ್ವನಿ ಚೆನ್ನ, ತಾರೀಖು ಮಾತ್ರ ಕೇಳಬೇಡಿ

ಈ ರೆಕಾರ್ಡರ್‌ನ ಗಡಿಯಾರದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಆದರೂ ಇದನ್ನು ಯಾರಿಗೂ ಕೊಡುವುದಿಲ್ಲ.

ತುಳಸಿ ಹಬ್ಬ ಕಳೆದ ಮೇಲೆ ಮಧ್ಯಪ್ರದೇಶದ ಓಂಕಾರೇಶ್ವರದಿಂದ ಒಬ್ಬಳೇ ಹೊರಟಿದ್ದೆ. ನರ್ಮದೆಯ ಉದ್ದ 1,312 ಕಿಲೋಮೀಟರ್. ಪರಿಕ್ರಮ ಅಂದರೆ ನದಿಯನ್ನು ಬಲಕ್ಕೆ ಇಟ್ಟುಕೊಂಡು, ನಡುವೆ ಎಲ್ಲೂ ದಾಟದೆ, ಎರಡೂ ದಡ ನಡೆಯಬೇಕು. ಕಡಲು ಸೇರುವ ಕಡೆ ಮಾತ್ರ ದೋಣಿ. ದಿನವೆಲ್ಲ ನಡೆದವಳಿಗೆ ರಾತ್ರಿ ಟಾರ್ಚ್ ಹಿಡಿದು ಬರೆಯುವ ತ್ರಾಣ ಇರುವುದಿಲ್ಲ. ಫೋನಿನಲ್ಲೇ ರೆಕಾರ್ಡ್ ಮಾಡಬಹುದಲ್ವಾ ಅಂತ ಕೇಳಬಹುದು. ಆಶ್ರಮದಲ್ಲಿ ಒಂದು ಪ್ಲಗ್ ಇದ್ದರೆ ಅದಕ್ಕೆ ಕಾಯುವ ಫೋನುಗಳು ಹತ್ತಾರು. ಇದಕ್ಕಾದರೆ ಟಿವಿ ರಿಮೋಟ್‌ಗೆ ಹಾಕುವ ಸಣ್ಣ ಸೆಲ್ ಸಾಕು. ಬಿಸ್ಕತ್ತು, ಬೀಡಿ ಮಾರುವ ಅಂಗಡಿಯಲ್ಲೂ ಸಿಗುತ್ತದೆ.

ಸಂಜೆ ಆರತಿ ಮುಗಿಸಿ, ಕಾಲು ತೊಳೆದು, ಘಾಟಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಬಟನ್ ಒತ್ತಿದರೆ ಕೆಂಪು ದೀಪ. ಯಾರ ಮನೆಯಲ್ಲಿ ಸದಾವ್ರತದ (ಯಾತ್ರಿಕರಿಗೆ ದಾನವಾಗಿ ಕೊಡುವ) ಹಿಟ್ಟು, ಬೇಳೆ ಕೊಟ್ಟರು, ಟಿಕ್ಕಡ್ ಅನ್ನುವ ದಪ್ಪ ರೊಟ್ಟಿ ಸರಿಯಾಗಿ ಬೆಂದಿತೇ, ದಾರಿ ಎಲ್ಲಿ ಅಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಮುಳುಗಿದೆ, ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಹೇಳುವುದು. ಇಡೀ ದಿನದಲ್ಲಿ ಕನ್ನಡ ಮಾತಾಡುವ ಹೊತ್ತು ಅದೊಂದೇ. ಅದಕ್ಕಾಗಿ ಕಾಯುತ್ತಿದ್ದೆ.

ಶೂಲಪಾಣಿ ಕಾಡಿನ ಹತ್ತಿರ ಮೊದಲ ಸಲ ಸೆಲ್ ಬದಲಿಸಿದಾಗ ತೊಂದರೆ ಶುರುವಾಯಿತು. ಸೆಲ್ ತೆಗೆದ ತಕ್ಷಣ ಗಡಿಯಾರ ಜನವರಿ ಒಂದಕ್ಕೆ ಓಡುತ್ತದೆ. ಫೈಲಿನ ಹೆಸರೇ ತಾರೀಖು! ಸರಿಪಡಿಸಲು ಮೂರು ಬಟನ್ ಒಟ್ಟಿಗೆ ಒತ್ತಿ ಹಿಡಿಯಬೇಕು. ಚಳಿಗೆ ಬೆರಳು ಮರಗಟ್ಟಿದಾಗ ಅದು ಆಗುವ ಕೆಲಸವಲ್ಲ. ಇಷ್ಟು ದುಡ್ಡು ತೆಗೆದುಕೊಳ್ಳುವವರು ಗಡಿಯಾರಕ್ಕೆಂದು ಒಳಗೊಂದು ಪುಟ್ಟ ಬಟನ್ ಸೆಲ್ ಇಡಬಾರದಿತ್ತೇ?

ಕೊನೆಗೆ ಬೇರೆ ದಾರಿ ಹಿಡಿದೆ. ಅನ್ನ ಹಾಕಿದವರನ್ನೇ ಊರು, ತಿಥಿ ಹೇಳಿ ಅಂತ ಕೇಳಿ ರೆಕಾರ್ಡ್ ಮಾಡಿಕೊಂಡೆ. ಅಲ್ಲಿ ತಿಥಿ ಗೊತ್ತಿಲ್ಲದ ಮನೆಯೇ ಇಲ್ಲ. ಊರಿಗೆ ಬಂದು ಒಂಟಿಕೊಪ್ಪಲ್ ಪಂಚಾಂಗ ಇಟ್ಟುಕೊಂಡು ಕೂತಾಗ ಇನ್ನೊಂದು ಗೊಂದಲ. ಮಧ್ಯಪ್ರದೇಶದಲ್ಲಿ ಹುಣ್ಣಿಮೆಗೆ ತಿಂಗಳು ಮುಗಿಯುತ್ತದೆ, ನಮ್ಮಲ್ಲಿ ಅಮಾವಾಸ್ಯೆಗೆ. ಅವರು ಮಾಘ ಕೃಷ್ಣ ಅಂದದ್ದು ನಮ್ಮ ಪುಷ್ಯ ಬಹುಳ. ನಡುವೆ ಬರುವ ಗುಜರಾತಿನವರ ಲೆಕ್ಕ ಮತ್ತೆ ನಮ್ಮ ಹಾಗೇ! ಒಂದೊಂದು ಫೈಲ್ ಕೇಳಿ, ಯಾವ ರಾಜ್ಯ ಅಂತ ನೋಡಿ ಜೋಡಿಸಬೇಕಾಯಿತು.

ಹಾಗೆ ಕೇಳುತ್ತಾ ಹೋದಂತೆ ಸಿಟ್ಟು ಸ್ವಲ್ಪ ಇಳಿಯಿತು. ಪ್ರತಿ ರಾತ್ರಿಯ ಶುರುವಿನಲ್ಲೂ ಒಬ್ಬರ ದನಿ. ಕೆಮ್ಮುತ್ತಾ 'ನರ್ಮದೇ ಹರ್' ಅನ್ನುವ ಅಜ್ಜ, ಹಿಂದೆ ಹಸುವಿನ ಗಂಟೆ, ತಿಥಿ ತಪ್ಪು ಹೇಳಿದ ಗಂಡನನ್ನು ತಿದ್ದುವ ಹೆಂಡತಿ. ಗಡಿಯಾರ ಸರಿ ಇದ್ದಿದ್ದರೆ ನಾನು ಅವರನ್ನು ಕೇಳುತ್ತಲೇ ಇರಲಿಲ್ಲ.

ಧ್ವನಿಯ ಬಗ್ಗೆ ದೂರಿಲ್ಲ. ಭೇಡಾಘಾಟಿನ ಧುವಾಂಧಾರ್ ಜಲಪಾತದ ಪಕ್ಕದಲ್ಲಿ ಮಾತ್ರ ನನ್ನ ಮಾತು ಮುಳುಗಿಹೋಗಿದೆ. ಗಾಳಿ ಜಾಸ್ತಿ ಇದ್ದರೆ ಮೈಕಿಗೆ ಉಣ್ಣೆ ಬಟ್ಟೆ ಸುತ್ತಿ.

ಇಂಥದ್ದು ಕೊಳ್ಳುವವರು ಅಂಗಡಿಯಲ್ಲೇ ಸೆಲ್ ತೆಗೆದು, ಐದು ನಿಮಿಷ ಬಿಟ್ಟು ಮತ್ತೆ ಹಾಕಿ ತಾರೀಖು ನೋಡಿ. ಜನವರಿ ಒಂದು ಅಂತ ತೋರಿಸಿದರೆ ಬೇರೆಯದು ಕೇಳಿ.