ಮಕ್ಕಳ ಜಾವಾ ಕ್ಲಾಸ್ ವಿನ್ಯಾಸಕ್ಕೆ ಅಂಕ ಹಾಕಲು ಬ್ಲೂಜೆ: ಹಲವು ಸೆಮಿಸ್ಟರ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಬ್ಲೂಜೆ ಅಂಕ ಹಾಕುವ ಸಾಫ್ಟ್‌ವೇರ್ ಅಲ್ಲ. ಜಾವಾ ಹೊಸದಾಗಿ ಕಲಿಯುವವರಿಗೆ ಅಂತ ಮಾಡಿದ ಪ್ರೋಗ್ರಾಮಿಂಗ್ ಸಾಧನ. ಆದರೂ ನಾನು ಅದನ್ನು ಪಾಠಕ್ಕಿಂತ ಮೌಲ್ಯಮಾಪನಕ್ಕೇ ಜಾಸ್ತಿ ಬಳಸುತ್ತೇನೆ. ಮಂಡ್ಯದ ಒಂದು ಪದವಿ ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಜಾವಾ ಹೇಳಿಕೊಡುವುದು ನನ್ನ ಕೆಲಸ. ಜಾವಾದಲ್ಲಿ ಕ್ಲಾಸ್ ಅಂದರೆ ತರಗತಿ ಅಲ್ಲ, ಒಂದಿಷ್ಟು ಮಾಹಿತಿ ಮತ್ತು ಅದರ ಕೆಲಸಗಳನ್ನು ಒಟ್ಟಿಗೆ ಇಟ್ಟ ಕೋಡ್ ಭಾಗ. ಪ್ರೋಗ್ರಾಂ ಸರಿಯಾದ ಉತ್ತರ ಕೊಟ್ಟಿತಾ ಅಂತ ನೋಡುವುದು ಸುಲಭ. ಯಾವ ಕೆಲಸ ಯಾವ ಕ್ಲಾಸ್‌ಗೆ ಸೇರಬೇಕು ಅಂತ ಮಗು ಯೋಚಿಸಿದೆಯಾ, ಅದಕ್ಕೆ ಎಷ್ಟು ಅಂಕ ಕೊಡಬೇಕು ಅನ್ನುವುದು ಕಷ್ಟ. ಆ ಕಷ್ಟದ ಕೆಲಸಕ್ಕೆ ನನ್ನ ಕೈಗೆ ಸಿಕ್ಕ ಸಾಧನಗಳಲ್ಲಿ ಇದೇ ಒಳ್ಳೆಯದು. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ಕೋಲಿಂಗ್ ಮತ್ತು ಜಾನ್ ರೋಸನ್‌ಬರ್ಗ್ ಇದನ್ನು ಶುರು ಮಾಡಿದರು. 1999ರಲ್ಲಿ ಹೊರಬಂತು. ಮುಂದೆ ಇಂಗ್ಲೆಂಡಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ ಬೆಳೆಯಿತು. ಪೂರ್ತಿ ಉಚಿತ. 2009ರಿಂದ ಅದರ ಸೋರ್ಸ್ ಕೋಡ್ ಕೂಡ ಎಲ್ಲರಿಗೂ ಮುಕ್ತ. ಒಮ್ಮೆ ಹಾಕಿಕೊಂಡರೆ ಇಂಟರ್ನೆಟ್ ಬೇಕಿಲ್ಲ. ನಮ್ಮಂಥ ಲ್ಯಾಬ್‌ಗಳಿಗೆ ಇದು ಸಣ್ಣ ವಿಷಯವೇನಲ್ಲ. ಐಸಿಎಸ್‌ಇ ಶಾಲೆಗಳಲ್ಲಿ ಓದಿ ಬಂದ ಮಕ್ಕಳಿಗೆ ಇದರ ಪರಿಚಯ ಆಗಲೇ ಇರುತ್ತದೆ. ಆದರೆ ಅವರಲ್ಲಿ ಬಹಳ ಜನ ಒಂದೇ ಕ್ಲಾಸ್ ಮಾಡಿ, ಎಲ್ಲವನ್ನೂ ಪ್ರೋಗ್ರಾಂ ಶುರುವಾಗುವ ಮೇನ್ ಅನ್ನುವ ಒಂದೇ (ಮೆಥಡ್ ಅಂದರೆ ಕ್ಲಾಸ್ ಮಾಡುವ ಒಂದು ಕೆಲಸ) ಮೆಥಡ್‌ನಲ್ಲಿ ತುಂಬುವ ಅಭ್ಯಾಸದಲ್ಲೇ ಬಂದಿರುತ್ತಾರೆ. ಬ್ಲೂಜೆಯ ನಿಜವಾದ ಶಕ್ತಿ ಅವರ ಕಣ್ಣಿಗೇ ಬಿದ್ದಿರುವುದಿಲ್ಲ.

ನಾನು ಕೊಡುವ ದೊಡ್ಡ ಅಸೈನ್‌ಮೆಂಟ್ ಸಕ್ಕರೆ ಕಾರ್ಖಾನೆಯ ತೂಕದ ಮನೆ. ಕಬ್ಬಿನ ಗಾಡಿ ಬರುತ್ತದೆ, ತುಂಬಿದ ತೂಕ ಆಗುತ್ತದೆ. ಕಬ್ಬು ಇಳಿಸಿ ವಾಪಸ್ ಹೋಗುವಾಗ ಖಾಲಿ ಗಾಡಿಯ ತೂಕ. ಎರಡರ ವ್ಯತ್ಯಾಸಕ್ಕೆ ರೈತನಿಗೆ ಬಿಲ್. ನಮ್ಮ ತರಗತಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಈ ತೂಕದ ಚೀಟಿ ಮನೆಯಲ್ಲೇ ನೋಡಿ ಗೊತ್ತು. ಬ್ಯಾಂಕ್ ಅಕೌಂಟ್ ಉದಾಹರಣೆ ಕೊಟ್ಟರೆ ಪುಸ್ತಕ ನೋಡಿ ಬರೆಯುತ್ತಾರೆ. ಇದಕ್ಕೆ ಪುಸ್ತಕದಲ್ಲಿ ಉತ್ತರ ಇಲ್ಲ. ಚೀಟಿಯಲ್ಲಿ ಏನಿರಬೇಕು, ರೈತನ ಹತ್ತಿರ ಏನಿರಬೇಕು, ದರ ಯಾರ ಬಳಿ ಇರಬೇಕು ಅಂತ ಅವರೇ ಯೋಚಿಸಬೇಕು.

ಇಂಥದ್ದಕ್ಕೆ ಅಂಕ ಹಾಕುವುದು ಹೇಗೆ? ಕಾಲೇಜಿನಲ್ಲಿ ಕೆಲವು ಸೆಮಿಸ್ಟರ್ ಒಂದು ಆನ್‌ಲೈನ್ ಕೋಡಿಂಗ್ ಪೋರ್ಟಲ್ ಇತ್ತು. ಇನ್‌ಪುಟ್ ಕೊಡುತ್ತದೆ, ಔಟ್‌ಪುಟ್ ಹೋಲಿಸುತ್ತದೆ, ಅಂಕ ಹಾಕುತ್ತದೆ. ಒಂದೇ ಮೇನ್‌ನಲ್ಲಿ ಇನ್ನೂರು ಸಾಲು ಬರೆದ ಹುಡುಗನಿಗೂ ನೂರಕ್ಕೆ ನೂರು. ನಾಲ್ಕು ಅಚ್ಚುಕಟ್ಟಾದ ಕ್ಲಾಸ್ ಬರೆದು, ಪ್ರಿಂಟ್ ಆಗುವ ಕಡೆ ಒಂದು ಸ್ಪೇಸ್ ತಪ್ಪಿದ ಹುಡುಗಿಗೆ ಸೊನ್ನೆ. ಆ ಹುಡುಗಿಗೆ ಆಗಿದ್ದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ.

ಯೂನಿಟ್ ಟೆಸ್ಟ್ (ಕೋಡ್ ಭಾಗವೊಂದನ್ನು ಕರೆದು ಉತ್ತರ ಸರಿಯಾ ಅಂತ ನೋಡುವ ಪುಟ್ಟ ಕೋಡ್) ಬರೆದು ಪರೀಕ್ಷಿಸಿದರೆ ಆಯ್ತಲ್ವಾ ಅಂತ ಕೇಳಬಹುದು. ತೊಡಕು ಅಲ್ಲೇ ಇದೆ. ಟೆಸ್ಟ್ ಓಡಬೇಕು ಅಂದರೆ ಕ್ಲಾಸ್ ಹೆಸರು, ಮೆಥಡ್ ಹೆಸರು ಎಲ್ಲ ನಾನೇ ಮೊದಲು ಹೇಳಬೇಕು. ಹಾಗೆ ಹೇಳಿದರೆ ವಿನ್ಯಾಸ ಮಾಡಿದವನು ನಾನಾಗುತ್ತೇನೆ. ಮಕ್ಕಳು ಖಾಲಿ ಬಿಟ್ಟ ಜಾಗ ತುಂಬುತ್ತಾರೆ ಅಷ್ಟೇ. ಪೂರ್ತಿ ಸ್ವಾತಂತ್ರ್ಯ ಕೊಟ್ಟರೆ ನನ್ನ ಟೆಸ್ಟ್ ಯಾರ ಕೋಡ್‌ಗೂ ಹೊಂದುವುದಿಲ್ಲ. ಇದಕ್ಕೆ ನಾನು ಕಂಡುಕೊಂಡ ದಾರಿ ಇಷ್ಟು. ಹೊರಗಿನ ಒಂದೇ ಕ್ಲಾಸ್ ಅನ್ನು ನಾನು ಗೊತ್ತು ಮಾಡುತ್ತೇನೆ, ಅದೇ ‘ತೂಕದಮನೆ’. ಅದಕ್ಕೆ ಮೂರು ಮೆಥಡ್: ಗಾಡಿ ಬಂತು, ಗಾಡಿ ಹೋಯಿತು, ರೈತನ ಬಿಲ್ ಎಷ್ಟು. ಟೆಸ್ಟ್‌ಗಳು ಆ ಮೂರರ ಜೊತೆ ಮಾತ್ರ ಮಾತಾಡುತ್ತವೆ. ಒಳಗೆ ಎಷ್ಟು ಕ್ಲಾಸ್, ಏನು ಹೆಸರು, ಯಾರಿಗೆ ಯಾವ ಕೆಲಸ, ಅದೆಲ್ಲ ಅವರಿಗೆ ಬಿಟ್ಟಿದ್ದು. ಜಾವಾದಲ್ಲಿ ಇಂಥ ಟೆಸ್ಟ್ ಓಡಿಸುವ ಜೆಯೂನಿಟ್ ಬ್ಲೂಜೆಯ ಒಳಗೇ ಇದೆ. ನಾವು ಮೌಸ್‌ನಲ್ಲಿ ಮಾಡಿದ್ದನ್ನೇ ರೆಕಾರ್ಡ್ ಮಾಡಿಕೊಂಡು ಟೆಸ್ಟ್ ಕೋಡ್ ತಾನೇ ಬರೆದುಕೊಡುತ್ತದೆ. 20 ಅಂಕದಲ್ಲಿ 8 ಅಂಕ ಈ ಟೆಸ್ಟ್‌ಗಳಿಗೆ. ಉಳಿದ 12 ವಿನ್ಯಾಸಕ್ಕೆ. ಆ 12 ಅಂಕವನ್ನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬ್ಲೂಜೆ ತೆರೆದು ಹಾಕುತ್ತೇನೆ.

ಪ್ರಾಜೆಕ್ಟ್ ತೆರೆದ ಕೂಡಲೇ ಕೋಡ್ ಬರುವುದಿಲ್ಲ, ಕ್ಲಾಸ್‌ಗಳ ಚಿತ್ರ ಬರುತ್ತದೆ. ಪ್ರತಿ ಕ್ಲಾಸ್ ಒಂದು ಪೆಟ್ಟಿಗೆ. ಒಂದು ಇನ್ನೊಂದನ್ನು ಬಳಸಿದರೆ ತುಂಡು ಗೆರೆಯ ಬಾಣ, ಇನ್ಹೆರಿಟ್ ಮಾಡಿದರೆ (ಇನ್ನೊಂದರ ಒಂದು ಬಗೆಯಾಗಿ ಅದರ ಗುಣಗಳನ್ನು ಪಡೆದರೆ) ಪೂರ್ತಿ ಗೆರೆಯ ಬಾಣ. ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಒಂದು ಪೆಟ್ಟಿಗೆಯಿಂದ ಎಲ್ಲ ಕಡೆಗೂ ಬಾಣ ಹೋಗಿ, ಉಳಿದವು ಒಂದಕ್ಕೊಂದು ಮಾತೇ ಆಡದಿದ್ದರೆ, ಆ ಒಂದು ಕ್ಲಾಸ್ ಎಲ್ಲ ಕೆಲಸ ಮಾಡುತ್ತಿದೆ ಅಂತ ಅರ್ಥ. ‘ರೈತ’ನಿಂದ ‘ಕಾರ್ಖಾನೆ’ಗೆ ಪೂರ್ತಿ ಗೆರೆಯ ಬಾಣ ಇದ್ದರೆ ಒಂದೇ ಪ್ರಶ್ನೆ ಕೇಳುತ್ತೇನೆ: “ರೈತ ಅಂದ್ರೆ ಒಂದು ಬಗೆಯ ಕಾರ್ಖಾನೆನಾ?” ಚಿತ್ರ ಕಣ್ಣ ಮುಂದೆ ಇರುವುದರಿಂದ ಉತ್ತರ ಅವರಿಗೇ ಹೊಳೆಯುತ್ತದೆ. ಇನ್ಹೆರಿಟೆನ್ಸ್ ಬಳಸಿದರೆ ಅಂಕ ಜಾಸ್ತಿ ಬರುತ್ತೆ ಅಂತ ಯಾರೋ ಹೇಳಿಕೊಟ್ಟಿರುತ್ತಾರೆ. ನನ್ನ ಪಟ್ಟಿಯಲ್ಲಿ ಅದಕ್ಕೆ ಅಂಕವೇ ಇಲ್ಲ.

ಇನ್ನು ಆಬ್ಜೆಕ್ಟ್ ಬೆಂಚ್. ನನ್ನ ಮಟ್ಟಿಗೆ ಬ್ಲೂಜೆ ಅಂದರೆ ಇದೇ. ಕ್ಲಾಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಕನ್‌ಸ್ಟ್ರಕ್ಟರ್ ಆರಿಸಿದರೆ, ಆ ಕ್ಲಾಸ್ ಅಚ್ಚಿನಲ್ಲಿ ಒಂದು ಆಬ್ಜೆಕ್ಟ್ ತಯಾರಾಗಿ ಕೆಳಗಿನ ಪಟ್ಟಿಯಲ್ಲಿ ಕೂರುತ್ತದೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಒಂದೊಂದೇ ಮೆಥಡ್ ಕರೆಯಬಹುದು. ಡಬಲ್ ಕ್ಲಿಕ್ ಮಾಡಿದರೆ ಒಳಗಿನ ಫೀಲ್ಡ್‌ಗಳ (ಆಬ್ಜೆಕ್ಟ್ ಇಟ್ಟುಕೊಂಡ ಮಾಹಿತಿಯ) ಬೆಲೆ ಇನ್‌ಸ್ಪೆಕ್ಟರ್ ಅನ್ನುವ ಕಿಟಕಿಯಲ್ಲಿ ಕಾಣುತ್ತದೆ, ಪ್ರೈವೇಟ್ (ಬೇರೆ ಕ್ಲಾಸ್ ಮುಟ್ಟದ ಹಾಗೆ ಮಾಡಿದ್ದು) ಆಗಿದ್ದರೂ ಸಹ.

ಒಬ್ಬ ಹುಡುಗನ ‘ತೂಕಚೀಟಿ’ ಕ್ಲಾಸ್ ನೋಡೋಣ. ಮೂರು ಫೀಲ್ಡ್: ತುಂಬಿದ ತೂಕ, ಖಾಲಿ ತೂಕ, ನಿವ್ವಳ ತೂಕ. ಮೂರೂ ಪ್ರೈವೇಟ್, ಮೂರಕ್ಕೂ ಗೆಟರ್ (ಬೆಲೆ ಹೇಳುವ ಮೆಥಡ್) ಮತ್ತು ಸೆಟರ್ (ಬೆಲೆ ಬದಲಿಸುವ ಮೆಥಡ್). ಮೇಲ್ನೋಟಕ್ಕೆ ಪುಸ್ತಕದ ಹಾಗೆ ಇದೆ. ಬೆಂಚ್ ಮೇಲೆ ಒಂದು ಚೀಟಿ ಮಾಡಿದೆವು. ತುಂಬಿದ ತೂಕ 18,640 ಕಿಲೋ, ಖಾಲಿ 6,200, ನಿವ್ವಳ 12,440. ಇನ್‌ಸ್ಪೆಕ್ಟರ್ ಕಿಟಕಿ ತೆರೆದೇ ಇಟ್ಟುಕೊಂಡು, ಖಾಲಿ ತೂಕದ ಸೆಟರ್ ಕರೆದು 6,500 ಅಂತ ಬದಲಾಯಿಸಲು ಹೇಳಿದೆ. ಬದಲಾಯಿಸಿದ. ನಿವ್ವಳ ಮಾತ್ರ 12,440ರಲ್ಲೇ ನಿಂತಿತ್ತು. ಇರಬೇಕಾದ್ದು 12,140. ನಾನು ಏನೂ ಹೇಳಲಿಲ್ಲ. ಅವನೇ ಹೇಳಿದ: “ಸರ್, ನಿವ್ವಳ ಫೀಲ್ಡ್ ಆಗಿ ಇರಲೇಬಾರದು. ಕೇಳಿದಾಗ ಲೆಕ್ಕ ಹಾಕಿ ಕೊಡಬೇಕು.” ಸ್ವಲ್ಪ ಹೊತ್ತಾದ ಮೇಲೆ ಇನ್ನೂ ಒಂದು ಸೇರಿಸಿದ. ತೂಕ ಆಗಿ ಚೀಟಿ ಬಂದ ಮೇಲೆ ಅದನ್ನು ತಿದ್ದಲು ಸೆಟರ್ ಯಾಕೆ ಬೇಕು ಅಂತ. ಇದನ್ನೇ ನಾನು ಉತ್ತರ ಪತ್ರಿಕೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದರೆ ಓದಿ ಮಡಚಿ ಇಡುತ್ತಿದ್ದ. ಇಲ್ಲಿ ಅವನ ಕೈಯಲ್ಲೇ ಚೀಟಿ ಸುಳ್ಳು ಹೇಳಿತು.

ಎರಡನೇ ಉದಾಹರಣೆ ಚಿಕ್ಕ ಅಸೈನ್‌ಮೆಂಟ್‌ನದು. ಕೆಆರ್‌ಎಸ್ ಜಲಾಶಯದ ನೀರಿನ ಮಟ್ಟ ಇಟ್ಟುಕೊಳ್ಳುವ ಕ್ಲಾಸ್. ಗರಿಷ್ಠ ಮಟ್ಟ 124.80 ಅಡಿ ಅಂತ ನಮ್ಮ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಮಕ್ಕಳು ಮಟ್ಟವನ್ನು ಪಬ್ಲಿಕ್ ಫೀಲ್ಡ್ (ಹೊರಗಿನಿಂದ ಯಾರು ಬೇಕಾದರೂ ಬದಲಿಸಬಹುದಾದದ್ದು) ಮಾಡಿ ತಂದಿರುತ್ತಾರೆ. ಬ್ಲೂಜೆಯಲ್ಲಿ ಕೋಡ್‌ಪ್ಯಾಡ್ ಅಂತ ಒಂದು ಜಾಗ ಇದೆ. ಒಂದೊಂದೇ ಸಾಲು ಜಾವಾ ಬರೆದರೆ ಆಗಲೇ ಓಡುತ್ತದೆ. ಬೆಂಚ್ ಮೇಲಿನ ಆಬ್ಜೆಕ್ಟ್ ಹೆಸರು ಅಲ್ಲಿಯೂ ನಡೆಯುತ್ತದೆ. ಅಲ್ಲಿ ಮಟ್ಟ 500 ಅಂತ ಬರೆಯಲು ಹೇಳುತ್ತೇನೆ. ಕ್ಲಾಸ್ ಸುಮ್ನೆ ಒಪ್ಪಿಕೊಳ್ಳುತ್ತದೆ. 500 ಅಡಿ! ಕಟ್ಟೆ ನೋಡಿ ಬೆಳೆದ ಮಗುವಿಗೆ ಇದಕ್ಕಿಂತ ಬೇರೆ ವಿವರಣೆ ಬೇಕಿಲ್ಲ. ಫೀಲ್ಡ್ ಪ್ರೈವೇಟ್ ಯಾಕೆ ಆಗಬೇಕು, ಮೆಥಡ್ ಒಳಗೆ ತಪಾಸಣೆ ಯಾಕೆ ಬೇಕು ಅಂತ ಪರೀಕ್ಷೆಗೆ ಉರು ಹೊಡೆದ ಉತ್ತರಕ್ಕೂ, ಇಲ್ಲಿ ನೋಡಿ ತಿಳಿದ ಉತ್ತರಕ್ಕೂ ಬಹಳ ವ್ಯತ್ಯಾಸ ಇದೆ.

ಎಲ್ಲವನ್ನೂ ಸ್ಟ್ಯಾಟಿಕ್ (ಆಬ್ಜೆಕ್ಟ್ ಇಲ್ಲದೆ ನೇರ ಕ್ಲಾಸ್ ಹೆಸರಲ್ಲೇ ನಡೆಯುವಂಥದ್ದು) ಮಾಡಿದವರ ವಿಷಯ ಇನ್ನೂ ಬೇಗ ಮುಗಿಯುತ್ತದೆ. ಬೆಂಚ್ ಮೇಲೆ ಇಡಲು ಏನೂ ಇರುವುದಿಲ್ಲ. ಬಿಲ್ ಲೆಕ್ಕದ ಮೆಥಡ್ ಒಳಗೇ ಸ್ಕ್ಯಾನರ್ (ಕೀಬೋರ್ಡಿನಲ್ಲಿ ಒತ್ತಿದ್ದನ್ನು ಓದುವ ಜಾವಾ ಕ್ಲಾಸ್) ಇಟ್ಟವರದೂ ಅಷ್ಟೇ. ಮೆಥಡ್ ಕರೆದರೆ ಉತ್ತರದ ಬದಲು ಟರ್ಮಿನಲ್ ಕಿಟಕಿ ತೆರೆದು ‘ತೂಕ ಹೇಳಿ’ ಅನ್ನುತ್ತದೆ. ಲೆಕ್ಕವೂ ಕೀಬೋರ್ಡೂ ಬೇರೆ ಬೇರೆ ಇರಬೇಕು ಅನ್ನುವುದು ಆಗ ತಲೆಗೆ ಹೋಗುತ್ತದೆ. ಎಡಿಟರ್‌ನಲ್ಲಿ ಪ್ರತಿ ಬ್ಲಾಕ್‌ಗೂ ಹಿನ್ನೆಲೆ ಬಣ್ಣ ಇರುವುದರಿಂದ, ಲೂಪ್ ಒಳಗೆ ಇಫ್, ಅದರೊಳಗೆ ಇನ್ನೊಂದು ಲೂಪ್ ಇರುವ ಉದ್ದನೆ ಮೆಥಡ್‌ಗಳು ಓದದೇ ಕಾಣುತ್ತವೆ.

ನನ್ನ ಅಂಕ ಹಂಚಿಕೆಯಲ್ಲಿ ಡೇಟಾ ಮತ್ತು ಅದರ ಕೆಲಸ ಒಂದೇ ಕ್ಲಾಸ್‌ನಲ್ಲಿ ಇರುವುದಕ್ಕೆ 4. ಒಳಗಿನದು ಒಳಗೇ ಇರುವುದಕ್ಕೆ 3. ಹೆಸರುಗಳಿಗೆ 2. ಉಳಿದ 3 ಅಂಕ ಬದಲಾವಣೆಯ ಪ್ರಶ್ನೆಗೆ. ಈ ಕೊನೆಯದು ನನಗೆ ಬಹಳ ಮುಖ್ಯ. 2024-25ರ ಹಂಗಾಮಿಗೆ ಕಬ್ಬಿನ ಎಫ್‌ಆರ್‌ಪಿ ಕ್ವಿಂಟಲ್‌ಗೆ (ಕೇಂದ್ರ ಸರ್ಕಾರ ಗೊತ್ತು ಮಾಡುವ ಕನಿಷ್ಠ ದರ) 340 ರೂಪಾಯಿ ಇತ್ತು, 10.25% ಸಕ್ಕರೆ ಇಳುವರಿಗೆ. 2025-26ಕ್ಕೆ 355 ಆಯಿತು. ದರ ಬದಲಾಯಿತು, ನೀನು ಎಷ್ಟು ಕ್ಲಾಸ್ ತೆರೆಯಬೇಕು? ಒಂದೇ ಆದರೆ ಪೂರ್ತಿ ಅಂಕ. ಕೆಲವರ ಕೋಡ್‌ನಲ್ಲಿ 340 ಅನ್ನುವುದು ಚೀಟಿಯಲ್ಲೂ ಇರುತ್ತದೆ, ಬಿಲ್‌ನಲ್ಲೂ ಇರುತ್ತದೆ, ಮೇನ್‌ನಲ್ಲಿ ಟನ್ನಿಗೆ 3400 ಅಂತ ವೇಷ ಹಾಕಿಕೊಂಡೂ ಇರುತ್ತದೆ. ಚೆನ್ನಾಗಿ ಮಾಡಿದವರಿಗೆ ಇನ್ನೂ ಸ್ವಲ್ಪ ಕಷ್ಟದ್ದು: ಕಬ್ಬು ಕೊಟ್ಟು 14 ದಿನದಲ್ಲಿ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ, ಗಡುವು ದಾಟಿದ ಬಿಲ್‌ಗಳನ್ನು ಹುಡುಕುವ ಕೆಲಸ ಯಾವ ಕ್ಲಾಸ್‌ಗೆ ಕೊಡುತ್ತೀಯ? ಮುಂದೆ ಬದಲಾಗಬಹುದಾದ ನಿರ್ಧಾರವನ್ನು ಒಂದೇ ಕಡೆ ಬಚ್ಚಿಡಬೇಕು ಅಂತ ಸಾಫ್ಟ್‌ವೇರ್ ತಜ್ಞ ಡೇವಿಡ್ ಪಾರ್ನಾಸ್ 1972ರಲ್ಲೇ ಹೇಳಿದ್ದರು. ನಾನು ಅಂಕ ಹಾಕುತ್ತಿರುವುದು ಆ ಮಾತಿಗೇ.

ಈಗೀಗ ಎಐ ಹತ್ತಿರ ಬರೆಸಿಕೊಂಡು ಬಂದ ಕೋಡ್ ಜಾಸ್ತಿ. ಫ್ಯಾಕ್ಟರಿ, ಸಿಂಗಲ್‌ಟನ್ ಅಂತ ಸಿದ್ಧ ವಿನ್ಯಾಸ ಮಾದರಿಗಳ ಹೆಸರಿನ ಏಳೆಂಟು ಕ್ಲಾಸ್ ಇರುತ್ತದೆ. ಕಾಗದದ ಮೇಲೆ ಅದಕ್ಕೆ ಅಂಕ ಕಡಿಮೆ ಮಾಡಲು ಕಾರಣ ಸಿಗುವುದಿಲ್ಲ. ಬೆಂಚ್ ಮುಂದೆ ಕೂರಿಸಿ “ಒಂದು ಚೀಟಿ ಮಾಡಿ ತೋರಿಸು” ಅಂದರೆ, ಯಾವ ಕ್ಲಾಸ್‌ನಿಂದ ಶುರು ಮಾಡಬೇಕು ಅಂತಲೇ ಕೆಲವರಿಗೆ ಗೊತ್ತಾಗುವುದಿಲ್ಲ. ಎಐ ಸಹಾಯ ಪಡೆದೂ ಅರ್ಥ ಮಾಡಿಕೊಂಡವರು ಚಕಚಕ ಮಾಡುತ್ತಾರೆ. ಅವರಿಗೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಪಿಎಂಡಿ, ಚೆಕ್‌ಸ್ಟೈಲ್‌ನಂಥ ಸಾಧನಗಳನ್ನೂ ಬಳಸಿ ನೋಡಿದ್ದೇನೆ. ಕೋಡ್ ಓದಿ ತಾವೇ ತಪ್ಪು ಪಟ್ಟಿ ಮಾಡುತ್ತವೆ. ಪಬ್ಲಿಕ್ ಫೀಲ್ಡ್, ಎಲ್ಲೆಂದರಲ್ಲಿ ಬರೆದ ಅಂಕೆಗಳು, ಇಂಥದ್ದನ್ನು ಹುಡುಕಲು ಚೆಕ್‌ಸ್ಟೈಲ್ ಚೆನ್ನಾಗಿದೆ. ಆದರೆ ಇವು ಕಂಪನಿಗಳ ದೊಡ್ಡ ಕೋಡ್‌ಗೆ ಮಾಡಿದವು. ಎಲ್ಲ ಕೆಲಸ ತನ್ನ ಮೇಲೆ ಹಾಕಿಕೊಂಡ ಕ್ಲಾಸ್ ಹಿಡಿಯಲು ಪಿಎಂಡಿಯಲ್ಲಿ ‘ಗಾಡ್ ಕ್ಲಾಸ್’ ಅಂತ ನಿಯಮ ಇದೆ. ಕ್ಲಾಸ್‌ನ ಎಲ್ಲ ಮೆಥಡ್‌ಗಳ ಕವಲುಗಳನ್ನು ಕೂಡಿಸಿದ ಮೊತ್ತ 47 ಮುಟ್ಟಿದರೆ ಮಾತ್ರ ಅದು ಬಾಯಿ ಬಿಡುತ್ತದೆ, ಜೊತೆಗೆ ಇನ್ನೆರಡು ಷರತ್ತು ಬೇರೆ. ಬಿಸಿಎ ಹುಡುಗನ ಪ್ರೋಗ್ರಾಂ ಅಷ್ಟು ದೊಡ್ಡದಾಗುವುದೇ ಅಪರೂಪ. ಹಾಗಾಗಿ ಯಾವ ತಪ್ಪು ನಮಗೆ ಮುಖ್ಯವೋ ಅದೇ ತಪ್ಪಿಸಿಕೊಳ್ಳುತ್ತದೆ.

ಬ್ಲೂಜೆಗೆ ಒಂದು ಸ್ಟಾರ್ ಕಡಿಮೆ ಯಾಕೆ? ಪ್ರಾಜೆಕ್ಟ್‌ಗಳನ್ನು ಒಂದೊಂದಾಗಿ ತೆರೆಯಬೇಕು. ಇಡೀ ತರಗತಿಯದ್ದನ್ನು ಒಟ್ಟಿಗೆ ನೋಡಿ ಅಂಕ ದಾಖಲಿಸುವ ವ್ಯವಸ್ಥೆ ಇಲ್ಲ. ನಾನು ಒಂದು ಸ್ಪ್ರೆಡ್‌ಶೀಟ್ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಅರವತ್ತು ಮಕ್ಕಳಿದ್ದರೆ ಸಮಯ ಬಹಳ ಹಿಡಿಯುತ್ತದೆ, ಅದಕ್ಕೇ ಲ್ಯಾಬ್ ಅವಧಿಯಲ್ಲೇ ಸ್ವಲ್ಪ ಸ್ವಲ್ಪ ಮುಗಿಸುತ್ತೇನೆ. ಚಿತ್ರದಲ್ಲಿ ಬಾಣ ಕಂಡರೆ ‘ಬಳಸುತ್ತದೆ’ ಅಂತ ಮಾತ್ರ ಗೊತ್ತಾಗುತ್ತದೆ. ಫೀಲ್ಡ್ ಆಗಿ ಇಟ್ಟುಕೊಂಡಿದೆಯಾ, ಒಂದು ಮೆಥಡ್‌ನಲ್ಲಿ ಮಾತ್ರ ಬಂದು ಹೋಗಿದೆಯಾ ಅಂತ ತಿಳಿಯಲು ಕೋಡ್ ತೆರೆಯಲೇಬೇಕು. ಹೊಸ ಆವೃತ್ತಿಗಳಿಗೆ 64-ಬಿಟ್ ಸಿಸ್ಟಮ್ ಬೇಕು. ಲ್ಯಾಬ್‌ನಲ್ಲಿ ಹಳೆಯ 32-ಬಿಟ್ ಯಂತ್ರಗಳಿದ್ದರೆ 4.1 ಸರಣಿಯಲ್ಲೇ ಇರಬೇಕಾಗುತ್ತದೆ. ನಮ್ಮ ಕೆಲಸಕ್ಕೆ ಅದೂ ಸಾಕು.

ಮೈಸೂರು, ಮಂಡ್ಯ ಕಡೆಯ ಮೇಷ್ಟ್ರುಗಳು ಯಾರಾದರೂ ಶುರು ಮಾಡುವುದಾದರೆ, ಅಂಕ ಹಂಚಿಕೆಯನ್ನು ಅಸೈನ್‌ಮೆಂಟ್ ಜೊತೆಗೇ ಮಕ್ಕಳಿಗೆ ಕೊಟ್ಟುಬಿಡಿ. ಬದಲಾವಣೆಯ ಪ್ರಶ್ನೆ ಇರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಬರೆಯುವಾಗಲೇ ಯೋಚಿಸುತ್ತಾರೆ. ಕೋಡ್ ಬರೆಯುವ ಮುಂಚೆ ಸಿಆರ್‌ಸಿ ಕಾರ್ಡ್ ಬರೆಸಿ. ಸಾಫ್ಟ್‌ವೇರ್ ತಜ್ಞರಾದ ಕೆಂಟ್ ಬೆಕ್ ಮತ್ತು ವಾರ್ಡ್ ಕನಿಂಗ್‌ಹ್ಯಾಮ್ 1989ರಲ್ಲಿ ಕೊಟ್ಟ ಉಪಾಯ ಅದು: ಒಂದು ಕಾರ್ಡಿಗೆ ಒಂದು ಕ್ಲಾಸ್, ಅದರ ಜವಾಬ್ದಾರಿ, ಅದಕ್ಕೆ ಬೇಕಾದ ಜೊತೆಗಾರರು. ಮತ್ತೆ, ಜಾವಾ ಫೈಲ್‌ಗಳನ್ನು ಮಾತ್ರ ತರಿಸಬೇಡಿ, ಪ್ರಾಜೆಕ್ಟ್ ಫೋಲ್ಡರ್ ಪೂರ್ತಿ ಜಿಪ್ ಮಾಡಿಸಿ ತರಿಸಿ. ಪೆಟ್ಟಿಗೆಗಳನ್ನು ಮಗು ಎಲ್ಲಿ ಇಟ್ಟಿತ್ತು ಅನ್ನುವುದು ಆ ಫೋಲ್ಡರ್‌ನ ‘ಪ್ಯಾಕೇಜ್ ಡಾಟ್ ಬ್ಲೂಜೆ’ ಫೈಲ್‌ನಲ್ಲಿ ಇರುತ್ತದೆ. ಅದು ಬಿಟ್ಟುಹೋದರೆ ಅವರು ಜೋಡಿಸಿದ ಚಿತ್ರ ನಿಮಗೆ ಹಾಗೇ ಸಿಗುವುದಿಲ್ಲ.