ಹಾರ್ಡ್ ಗ್ರೌಂಡ್ ರಬ್ಬರ್ ಫುಟ್‌ಬಾಲ್, ಸೈಜ್ 4: ಬಳ್ಳಾರಿ ನೆಲದಲ್ಲಿ ಹುಡುಗಿಯರ ತಂಡಕ್ಕೆ ಆಗುತ್ತಾ?

ಬಳ್ಳಾರಿ, ಸಂಡೂರು ಕಡೆ ಶಾಲೆ ಮೈದಾನ ಅಂದ್ರೆ ಬಹುಪಾಲು ಕೆಂಪು ಮೊರಂ, ನಡುನಡುವೆ ಕಲ್ಲು. ಸಿರುಗುಪ್ಪ ಕಡೆ ಹೋದರೆ ಒಣಗಿ ಬಾಯಿಬಿಟ್ಟ ಎರೆಮಣ್ಣು. ಇಂಥ ನೆಲಕ್ಕೆ ಹೊಲಿಗೆಯ ಪಿಯು (ಸಿಂಥೆಟಿಕ್ ಚರ್ಮದ) ಮ್ಯಾಚ್ ಬಾಲ್ ಇಳಿಸಿದರೆ ಮೊದಲು ಮೇಲ್ಪದರ ಸುಲಿಯುತ್ತೆ, ಆಮೇಲೆ ಹೊಲಿಗೆ ಬಿಚ್ಚುತ್ತೆ. ಅಂಗಡಿಯಲ್ಲಿ ‘ಹಾರ್ಡ್ ಗ್ರೌಂಡ್’ ಅಂತ ಕೊಡೋದು ಹೊಲಿಗೆಯೇ ಇಲ್ಲದ ಮೋಲ್ಡೆಡ್ ರಬ್ಬರ್ ಬಾಲ್. ಹೆಚ್ಚಿನದು ಜಲಂಧರ್, ಮೀರತ್ ಮಾಲು. ಒಂದು ಒಳ್ಳೆ ಮ್ಯಾಚ್ ಬಾಲಿನ ದುಡ್ಡಿಗೆ ಇವು ಎರಡಾದರೂ ಬರುತ್ತವೆ.

8ರಿಂದ 12 ವರ್ಷದವರಿಗೆ ಸೈಜ್ 4 ಸರಿ: ಸುತ್ತಳತೆ 63.5–66 ಸೆಂ.ಮೀ., ತೂಕ 350–390 ಗ್ರಾಂ. ಸೈಜ್ 5 ಆದರೆ 68–70 ಸೆಂ.ಮೀ., 410–450 ಗ್ರಾಂ. ‘ಹೆಂಗೂ ಬೆಳೀತಾರ್ರೀ, ಐದನ್ನೇ ಒಯ್ರಿ’ ಅಂತ ಅಂಗಡಿಯವರು ಅಂದರೆ ಕೇಳಬೇಡಿ. ಭಾರದ ಬಾಲ್ ಪಾದದ ಒಳಬದಿಯಿಂದ ತಳ್ಳಿದರೆ ದೂರ ಹೋಗಲ್ಲ. ಹುಡುಗಿ ಬೆರಳ ತುದಿಯಿಂದ ಚುಚ್ಚಿ ಒದೆಯೋದನ್ನ ಕಲಿಯುತ್ತಾಳೆ, ಆ ಚಾಳಿ ಬಿಡಿಸೋದು ಕಷ್ಟ. ಕೊಳ್ಳುವಾಗ ದರ್ಜಿ ಟೇಪಿನಲ್ಲಿ ಅಳೆಯಿರಿ, ತಕ್ಕಡಿಗೆ ಹಾಕಿಸಿ, ನೆಲದ ಮೇಲೆ ಬುಗುರಿಯಂತೆ ತಿರುಗಿಸಿ. ವಾಲಾಡಿದರೆ ಇನ್ನೊಂದು ಕೇಳಿ.

ಗಾಳಿಯ ವಿಷಯಕ್ಕೆ ಬಂದರೆ, ಫುಟ್‌ಬಾಲ್ ನಿಯಮ ಒಪ್ಪೋದು 0.6ರಿಂದ 1.1 ಅಟ್ಮಾಸ್ಫಿಯರ್, ಅಂದರೆ ಪಂಪಿನ ಗೇಜ್ ತೋರಿಸೋ ಒತ್ತಡದ ಲೆಕ್ಕದಲ್ಲಿ ಸುಮಾರು 8.5ರಿಂದ 15.6 ಪಿಎಸ್‌ಐ. ನಮ್ಮ ಗಟ್ಟಿ ನೆಲಕ್ಕೆ 9 ಸಾಕು. ಬಿಗಿಯಾಗಿ ತುಂಬಿದರೆ ಬಾಲ್ ಪುಟಿದು ಮುಖಕ್ಕೇ ಬರುತ್ತೆ. ಹೊಸದಾಗಿ ಬಂದ ಹುಡುಗಿ ಕಣ್ಣು ಮುಚ್ಚಿ ತಿರುಗಿಕೊಳ್ಳುತ್ತಾಳೆ. ಬೆಳಗ್ಗೆ 20 ಡಿಗ್ರಿಯಲ್ಲಿ ತುಂಬಿದ್ದು ತಗಡಿನ ಕೋಣೆಯಲ್ಲಿ 40ಕ್ಕೆ ಕಾದರೆ ಒಂದೂವರೆ ಪಿಎಸ್‌ಐ ಏರಿರುತ್ತೆ. ಆದ್ದರಿಂದ ಗೇಜ್ ಹಿಡಿಯಬೇಕಾದ್ದು ಆಟದ ಹೊತ್ತಿಗೆ. ಪಂಪಿನ ಸೂಜಿಗೆ ಒಂದು ಹನಿ ಗ್ಲಿಸರಿನ್ ಸವರಿ ಚುಚ್ಚಿ. ಒಣ ಸೂಜಿ ವಾಲ್ವಿನ ರಬ್ಬರ್ ಹರಿಯುತ್ತೆ, ಗಾಳಿ ಮೆಲ್ಲಗೆ ಇಳಿಯುತ್ತೆ, ಬೈಗುಳ ಬ್ಲ್ಯಾಡರಿಗೆ (ಒಳಗಿನ ಗಾಳಿಚೀಲಕ್ಕೆ) ಬೀಳುತ್ತೆ.

ಈ ಬಾಲಿಗೆ ಪೂರ್ಣ ಅಂಕ ಕೊಡೋದು ಬಾಳಿಕೆಗಿಂತ ಬೆಲೆಗೆ, ಯಾಕಂದ್ರೆ ತಲೆಗೊಂದು ಕೊಡಿಸಬಹುದು. ಹದಿನಾರು ಹುಡುಗಿಯರಿಗೆ ಎರಡೇ ಬಾಲ್ ಇದ್ದರೆ ಜೋರಿರೋ ನಾಲ್ವರು ಆಡುತ್ತಾರೆ, ನಾಚಿಕೆಯವರು ಸಾಲಿನ ಹಿಂದೆ ಸರಿಯುತ್ತಾರೆ, ತಿಂಗಳೊಳಗೆ ಬರೋದೇ ನಿಲ್ಲಿಸುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಕೊಟ್ಟು ಪೇಂಟ್ ಮಾರ್ಕರಿನಲ್ಲಿ ನಂಬರ್ ಬರೆಸಿ. ಮೊದಲ ಹತ್ತು ನಿಮಿಷ ಅಂಗಾಲಿನಿಂದ ತಟ್ಟೋದು 30 ಸೆಕೆಂಡು, ಅಂಗಾಲಿನಲ್ಲೇ ಹಿಂದೆ ಮುಂದೆ ಉರುಳಿಸೋದು 30, ಎರಡು ಪಾದದ ನಡುವೆ ಆಡಿಸೋದು 30, ವಿಶ್ರಾಂತಿ 30, ಮತ್ತೆ ಮೊದಲಿಂದ. ಅಷ್ಟರಲ್ಲಿ ಕೋಚ್ ಒಬ್ಬೊಬ್ಬರ ಹತ್ತಿರ ಹೋಗಿ, ಮೊಣಕಾಲೂರಿ ಅವರ ಕಣ್ಣಿನ ಎತ್ತರಕ್ಕೆ ಬಂದು, ಹೆಸರು ಹಿಡಿದು ಒಂದೇ ಒಂದು ತಿದ್ದುಪಡಿ ಹೇಳಬೇಕು. ಮೈದಾನದ ಆ ತುದಿಯಿಂದ ಕೂಗಿ ತಿದ್ದಿದರೆ ಎಲ್ಲರೆದುರು ಮಾನ ಹೋದಂತೆ. ಮಾರನೇ ದಿನ ‘ಹೊಟ್ಟೆ ನೋವು ಸರ್’ ಅನ್ನೋ ಸಬೂಬು ಶುರು. (ಹೊಟ್ಟೆ ನೋವು ನಿಜವೂ ಇರಬಹುದು. ಕಿಟ್ ಬ್ಯಾಗಿನಲ್ಲಿ ಮುಟ್ಟಿನ ಪ್ಯಾಡ್ ಇಡಿ. ಕೋಚ್ ಗಂಡಸಾದರೆ ಜೊತೆಗೊಬ್ಬ ಅಕ್ಕ ಇರಲೇಬೇಕು.) ಎರಡು ದಿನ ಏಳನೇ ನಂಬರಿನ ಬಾಲ್ ಚೀಲದಲ್ಲೇ ಉಳಿಯಿತಾ? ಹಾಜರಿ ಪುಸ್ತಕ ಬೇಡ, ಅವರ ಅಮ್ಮನಿಗೆ ಫೋನ್ ಮಾಡಿ. ‘ಯಾಕೆ ಕಳಿಸಿಲ್ಲ’ ಅನ್ನೋ ಬದಲು ‘ಹುಷಾರಾಗಿದ್ದಾಳಾ’ ಅಂತ ಕೇಳಿ.

ಅವಗುಣಗಳೂ ಇವೆ. ಡಿಸೆಂಬರ್ ಬೆಳಗಿನ ಚಳಿಗೆ ರಬ್ಬರ್ ಗಡಸಾಗಿ ತೊಡೆಗೆ ಬಿದ್ದರೆ ಚುರ್ ಅನ್ನುತ್ತೆ. ಮೇಲಿನ ಗುಳ್ಳೆಗಳು ಸವೆದ ಮೇಲೆ ಗೋಲ್‌ಕೀಪರ್ ಕೈಯಿಂದ ಜಾರುತ್ತೆ. ಹೆಡಿಂಗ್‌ಗಂತೂ (ತಲೆಯಿಂದ ಬಾಲ್ ಹೊಡೆಯೋದಕ್ಕೆ) ಬೇಡವೇ ಬೇಡ. ಪ್ರಾಥಮಿಕ ಶಾಲೆ ವಯಸ್ಸಿನವರಿಗೆ ತರಬೇತಿಯಲ್ಲಿ ಹೆಡಿಂಗ್ ಮಾಡಿಸಬಾರದು ಅಂತ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ 2020ರಲ್ಲೇ ಸೂಚಿಸಿದೆ, ಹಾಗಾಗಿ ಈ ವಯಸ್ಸಿಗೆ ಅದು ನಷ್ಟವೂ ಅಲ್ಲ. ದೊಡ್ಡ ಹುಡುಗಿಯರಿಗೆ ಹೆಡಿಂಗ್ ಕಲಿಸೋದಾದರೆ ಹಗುರ ವಾಲಿಬಾಲಿನಿಂದ ಶುರು ಮಾಡಿಸಿ.

ನಿಜವಾದ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ಹೊಲಿಗೆ ಬಾಲ್ ಪಂಕ್ಚರ್ ಆದರೆ ಹೊಲಿಗೆ ಬಿಚ್ಚಿ ಬ್ಲ್ಯಾಡರಿಗೆ ಪ್ಯಾಚ್ ಹಾಕಿಸಬಹುದು. ಮೋಲ್ಡೆಡ್ ಬಾಲನ್ನು ಬಿಚ್ಚೋಕೇ ಆಗಲ್ಲ. ಟ್ಯೂಬ್‌ಲೆಸ್ ಟೈರಿನ ಸೀಲಂಟ್ ವಾಲ್ವಿನಿಂದ ಸ್ವಲ್ಪ ಬಿಟ್ಟರೆ ಸಣ್ಣ ತೂತು ಮುಚ್ಚುತ್ತೆ, ಆದರೆ ಒಂದು ಕಡೆ ಭಾರವಾಗಿ ಬಾಲ್ ಸೊಟ್ಟ ಉರುಳುತ್ತೆ. ಅದನ್ನ ಗೋಡೆಗೆ ಒದೆಯೋ ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಆಟಕ್ಕೆ ಮುಂಚೆ ಎಲ್ಲರೂ ಸಾಲಾಗಿ ಮೈದಾನ ನಡೆದು ಮುಳ್ಳು ಆಯೋದು ಐದು ನಿಮಿಷದ ಕೆಲಸ, ಹುಡುಗಿಯರ ಹರಟೆ ಕಿವಿಗೆ ಬೀಳೋದೂ ಆಗಲೇ.

ಹದಿನಾರು ಜನರ ತಂಡಕ್ಕೆ ಹದಿನೆಂಟು ರಬ್ಬರ್ ಬಾಲ್ ತನ್ನಿ, ಪಂದ್ಯದ ವಾರಕ್ಕೆ ಅಂತ ಹೊಲಿಗೆಯದು ಒಂದು. ಸೂಜಿ ಮಾತ್ರ ಡಜನ್ ಲೆಕ್ಕದಲ್ಲಿ ತನ್ನಿ, ಮುರಿಯೋದು ಅದೇ.